ಕಂಡಕ್ಟರಮ್ಮನ ಸ್ಲೇಟು

ಹತ್ತನೇ ತರಗತಿಯ ಮೂವತ್ತೆಂಟು ಮಕ್ಕಳು 'ನಮ್ಮ ಮನೆ' ಎಂಬ ಪ್ರಬಂಧ ಬರೆದಿದ್ದರು. ಮೂವತ್ತೇಳು ಮನೆಗಳಿಗೂ ಅದೇ ಕಿಟಕಿ, ಅದೇ ಗುಲಾಬಿ ಗಿಡ, ಅದೇ ಮುದ್ದಿನ ನಾಯಿ. ತಿದ್ದಿ ತಿದ್ದಿ ಟೀಚರ್‌ಗೆ ಸಾಕುಬೇಕಾಗಿತ್ತು. ಮೂವತ್ತೆಂಟನೆಯದು ಕೈಗೆ ಬಂದಾಗ ಮಾತ್ರ ಅವರು ಕೆಂಪು ಪೆನ್ನು ಕೆಳಗಿಟ್ಟು, ಊಟದ ಮೇಜಿನ ಸುತ್ತ ಕೂತಿದ್ದವರಿಗೆಲ್ಲ ಗಟ್ಟಿಯಾಗಿ ಓದತೊಡಗಿದರು.

"ಕೇಳಿ ಇಲ್ಲಿ. 'ನಮ್ಮ ಮನೆ ಬಹಳ ದೊಡ್ಡದು. ಹನ್ನೆರಡು ಬಾಗಿಲು, ಒಂದಕ್ಕೂ ಚಿಲಕವಿಲ್ಲ. ನಲವತ್ತು ಕುರ್ಚಿಗಳಿವೆ, ಎಲ್ಲವನ್ನೂ ನೆಲಕ್ಕೆ ಬೋಲ್ಟ್ ಹಾಕಿ ಬಿಗಿದಿದ್ದಾರೆ. ಬೆಳಿಗ್ಗೆ ಐದಕ್ಕೆ ಒಬ್ಬ ಹೆಂಗಸು ನಮ್ಮನ್ನು ಎಬ್ಬಿಸುತ್ತಾಳೆ, ಅವಳನ್ನು ಯಾರೂ ಕಂಡಿಲ್ಲ. ದಿನವೂ ನೆಂಟರು ಬರುತ್ತಾರೆ, ಯಾರೂ ಊಟಕ್ಕೆ ನಿಲ್ಲುವುದಿಲ್ಲ.'"

ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನು ಲಿಫ್ಟ್ ಮೆಕ್ಯಾನಿಕ್, ಬೋಲ್ಟು ಎಂದರೆ ಅವನಿಗೆ ಎಲ್ಲಿಲ್ಲದ ಅಕ್ಕರೆ. "ಕುರ್ಚಿಗೆ ಬೋಲ್ಟಾ! ಇದನ್ನ ಬರೆದೋರು ನಮ್ಮ ಕಂಪನಿಗೆ ಬರಲಿ," ಎಂದ.

"ಯಾರಮ್ಮಾ ಬರ್ದಿರೋದು? ಓ, ನಿಮ್ಮ ಸೆಕ್ಷನ್ನಿನ ಚೀಲಾನಾ?" ಎಂದಳು ಹಾಳೆಯ ಮೇಲಿನ ಹೆಸರು ಇಣುಕಿ ನೋಡಿದ ಮಗಳು. ಅವಳೂ ಅದೇ ಶಾಲೆ, ಅದೇ ತರಗತಿ, ಪಕ್ಕದ ಸೆಕ್ಷನ್.

ನಗದೆ ಕೂತಿದ್ದವರು ಒಬ್ಬರೇ, ಅತ್ತೆ. ಅವರು ಗಂಜಿಯ ಬಟ್ಟಲು ಪಕ್ಕಕ್ಕೆ ಸರಿಸಿ, ತೊಡೆಯ ಮೇಲಿನ ಸ್ಲೇಟು ಎತ್ತಿಕೊಂಡು, ಬಳಪದಲ್ಲಿ ಟಕಟಕನೆ ಬರೆದು ಎಲ್ಲರಿಗೂ ಕಾಣುವಂತೆ ಹಿಡಿದರು.

'ಬಸ್ ಸ್ಟ್ಯಾಂಡ್.'

ಮೇಜಿನ ಸುತ್ತ ನಗು ಗಕ್ಕನೆ ನಿಂತಿತು. ಟೀಚರ್ ಹಾಳೆಯನ್ನು ಇನ್ನೊಮ್ಮೆ ಓದಿದರು. ಹನ್ನೆರಡು ಬಾಗಿಲು, ಬಿಗಿದ ಕುರ್ಚಿಗಳು, ಮೈಕಿನ ಹೆಂಗಸು. ಓದುತ್ತ ಓದುತ್ತ ಅವರ ಮುಖ ಸಣ್ಣಗಾಯಿತು.

ಅತ್ತೆಗೆ ಇದು ಹೊಳೆದದ್ದರಲ್ಲಿ ಆಶ್ಚರ್ಯವೇನಿಲ್ಲ. ಅವರು ಮೂವತ್ತೊಂದು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದವರು, ಬೀದಿಗೆಲ್ಲ ಕಂಡಕ್ಟರಮ್ಮ. ಒಂದು ಕಾಲದಲ್ಲಿ ಫುಟ್‌ಬೋರ್ಡಿನ ಮೇಲೆ ನಿಂತು 'ಒಳಗೆ ಹೋಗ್ರೀ' ಎಂದು ಕೂಗಿದರೆ ಹಿಂದಿನ ಬಸ್ಸಿನವರೂ ಒಳಗೆ ಸರಿಯುತ್ತಿದ್ದರಂತೆ. ಎರಡು ವರ್ಷದ ಕೆಳಗೆ ಗಂಟಲಿಗೆ ಆಪರೇಷನ್ ಆಯಿತು. ಧ್ವನಿ ಹೋಯಿತು, ಉಸಿರು ಉಳಿಯಿತು. ಉಸಿರಿದ್ದ ಮೇಲೆ ಸಿಳ್ಳೆ ಊದಬಹುದಲ್ಲ! ಬೀರುವಿನೊಳಗಿದ್ದ ಡ್ಯೂಟಿ ಸಿಳ್ಳೆ ಹೊರಗೆ ಬಂದು ಅವರ ಕೊರಳಲ್ಲಿ ಕೂತಿತು, ಮನೆಗೆ ಬಸ್ಸಿನ ಕಾನೂನು ಜಾರಿಯಾಯಿತು. ಒಂದು ಸಿಳ್ಳೆ ಎಂದರೆ ನಿಲ್ಲು, ಎರಡು ಸಿಳ್ಳೆ ಎಂದರೆ ಹೊರಡು. ಗಂಜಿ ಬಡಿಸುವಾಗ ಒಂದು ಸಿಳ್ಳೆ ಬಿತ್ತೋ, ಸೌಟು ಇದ್ದಲ್ಲೇ ನಿಲ್ಲಬೇಕು. ಮಗ ಬೆಳಿಗ್ಗೆ ಹಾಸಿಗೆಯಲ್ಲಿ ಹೊರಳಾಡುತ್ತಿದ್ದರೆ ಎರಡು ಸಿಳ್ಳೆ. ಅದಕ್ಕೂ ಹೆಚ್ಚಿನ ಮಾತಿದ್ದರೆ ಸ್ಲೇಟು. ಸ್ಲೇಟಿನಲ್ಲೂ ಟಿಕೆಟ್ಟಿನಷ್ಟೇ ಅಕ್ಷರ. 'ಉಪ್ಪು ಕಡಿಮೆ.' 'ಫ್ಯಾನು.' 'ಮುಚ್ಚು.' ವ್ಯಾಕರಣ ಪಾಠ ಮಾಡುವ ಸೊಸೆಗೆ ಇದು ಮಹಾ ಕಿರಿಕಿರಿ.

"ಕರ್ತೃ ಇಲ್ಲ, ಕರ್ಮ ಇಲ್ಲ, ಬರೀ ಕ್ರಿಯಾಪದ. ಏನನ್ನ ಮುಚ್ಚಬೇಕು ಅತ್ತೆ, ಬಾಗಿಲೋ ಬಾಯೋ?"

ಅತ್ತೆ 'ಎರಡನೇದು' ಎಂದು ಬರೆದು ತೋರಿಸುತ್ತಿದ್ದರು.

ಮರುದಿನ ಪಾಠ ಮುಗಿದ ಮೇಲೆ ಟೀಚರ್ ಆ ಹುಡುಗಿಯನ್ನು ನಿಲ್ಲಿಸಿಕೊಂಡರು. ಹದಿನಾರರ ಹುಡುಗಿ, ಎಣ್ಣೆ ಕಾಣದ ಕೂದಲು, ಕೈಯಲ್ಲೇ ಹಿಂಡಿ ಒಣಗಿಸಿದ ಸಮವಸ್ತ್ರ. ಬೆನ್ನ ಮೇಲಿನ ಚೀಲವನ್ನು ಪಾಠದ ಹೊತ್ತಿನಲ್ಲೂ ಕೆಳಗಿಡುವವಳಲ್ಲ, ಅದಕ್ಕೇ ಚೀಲ ಎಂಬ ಹೆಸರು. ಹೋದ ತಿಂಗಳು ಯಾವನೋ ತಮಾಷೆಗೆ ಆ ಚೀಲ ಎಳೆದಾಗ ಅವನ ಕೆನ್ನೆಗೆ ಬಾರಿಸಿ ಮೂರು ದಿನ ಹೊರಗೆ ನಿಂತಿದ್ದಳು.

"ಪ್ರಬಂಧ ಚೆನ್ನಾಗಿತ್ತು. ಒಂಬತ್ತು ಮಾರ್ಕು," ಎಂದರು ಟೀಚರ್.

"ಒಂದು ಯಾಕೆ ಕಟ್ಟು?"

"ನಮ್ಮ ಬಸ್ ಸ್ಟ್ಯಾಂಡಿಗೆ ಹದಿಮೂರು ಬಾಗಿಲಂತೆ. ನಮ್ಮತ್ತೆ ಹೇಳಿದ್ರು."

"ಒಂದು ಬಾಗಿಲು ಮುಚ್ಚಿ ಆರು ತಿಂಗಳಾಯ್ತು," ಎಂದುಬಿಟ್ಟಳು ಹುಡುಗಿ. ಅಂದ ಮೇಲೆ ತುಟಿ ಕಚ್ಚಿಕೊಂಡಳು. ಬಾಯಿಂದ ಬಿದ್ದ ಮಾತನ್ನು ಮತ್ತೆ ಒಳಗೆ ಹಾಕಿಕೊಳ್ಳಲಾದೀತೇ?

ಟೀಚರ್ ಅವಳನ್ನು ಬೆಂಚಿನ ಮೇಲೆ ಕೂರಿಸಿ ಪಕ್ಕದಲ್ಲಿ ಕೂತರು. ಅವಳೇ ಗೋಡೆ ನೋಡಿಕೊಂಡು ಹೇಳಿದಳು. ತಾಯಿ ಇಲ್ಲ. ಅಪ್ಪ ದೂರದ ಕೆಲಸಕ್ಕೆ ಹೋದವನು ತಿರುಗಿ ನೋಡಿಲ್ಲ. ಇದ್ದದ್ದು ಚಿಕ್ಕಪ್ಪನ ಮನೆಯಲ್ಲಿ.

"ಅವ್ರು ಮನೆ ಖಾಲಿ ಮಾಡಿದ್ರು. ನಾನು ಸ್ಕೂಲಿಂದ ಹೋಗೋ ಹೊತ್ತಿಗೆ ಲಾರಿ ಹೊರಟೋಗಿತ್ತು. ಮಂಚ, ಪಾತ್ರೆ, ಬಟ್ಟೆ ಒಣಗ್ಸೋ ಹಗ್ಗ ಕೂಡ ಬಿಚ್ಕೊಂಡು ಹೋಗಿದ್ರು."

"ನಿನ್ನನ್ನ?"

"ನಾನು ಹಗ್ಗ ಅಲ್ವಲ್ಲ, ಟೀಚರ್."

ಟೀಚರ್ ಎದ್ದು ಅವಳ ಕೈ ಹಿಡಿದುಕೊಂಡರು.

ಅಂದೇ ಮಧ್ಯಾಹ್ನ ಇಬ್ಬರೂ ಮಕ್ಕಳ ಕಲ್ಯಾಣ ಕಚೇರಿಯಲ್ಲಿ ಕೂತಿದ್ದರು. ಅಲ್ಲಿನ ಅಧಿಕಾರಿ ಒಳ್ಳೆಯ ಹೆಂಗಸೇ, ಆದರೆ ಅವರ ಕೈ ಕಟ್ಟಿತ್ತು. "ಹುಡುಗೀರ ಹಾಸ್ಟೆಲ್ ಇರೋದು ಇನ್ನೂರು ಕಿಲೋಮೀಟರ್ ಆಚೆ. ಅಲ್ಲಿಗೆ ಕಳಿಸಿದ್ರೆ ಈ ವರ್ಷದ ಪರೀಕ್ಷೆ ಮರ್ತುಬಿಡಿ. ತಾತ್ಕಾಲಿಕ ಅಂತ ಮೂರು ವಾರ ನಿಮ್ಮ ಹತ್ರ ಬಿಡಬಹುದು. ಆಮೇಲೂ ಇಟ್ಕೋಬೇಕಂದ್ರೆ ಮನೇಲಿರೋ ದೊಡ್ಡೋರೆಲ್ಲ ಸಹಿ ಹಾಕ್ಬೇಕು. ಒಬ್ರು ಬೇಡ ಅಂದ್ರೂ ಆಗಲ್ಲ. ಮನೆ ಯಾರ ಹೆಸರಲ್ಲಿದೆ?"

"ನಮ್ಮತ್ತೆ ಹೆಸರಲ್ಲಿ."

"ಹಾಗಾದ್ರೆ ಅವರ ಒಪ್ಪಿಗೆ ಅವರ ಕೈಬರಹದಲ್ಲೇ ಬೇಕು."

ಸಂಜೆ ಚೀಲ ಚೀಲದ ಸಮೇತ ಬಾಗಿಲಲ್ಲಿ ನಿಂತಾಗ ಮನೆಯಲ್ಲಿ ಸಣ್ಣ ಯುದ್ಧವೇ ಆಯಿತು.

"ಒಂದು ಮಾತು ಕೇಳಿದ್ಯಾ ನಮ್ಮನ್ನ?" ಗಂಡ ಅಡುಗೆಮನೆಯಲ್ಲಿ ಪಿಸುಗುಟ್ಟಿದ. ಅವನ ಪಿಸುಮಾತು ಮೂರನೇ ಮನೆಗೂ ಕೇಳುತ್ತದೆ.

"ಕೇಳಿದ್ರೆ ಏನಂತಿದ್ರಿ?"

"ಯೋಚನೆ ಮಾಡೋಣ ಅಂತಿದ್ದೆ."

"ಅದಕ್ಕೇ ಕೇಳ್ಲಿಲ್ಲ."

"ನನ್ನ ರೂಮಲ್ಲಂತೂ ಆಗಲ್ಲ," ಎಂದಳು ಮಗಳು. "ನಂದೂ ಪರೀಕ್ಷೆ ಇದೆ."

ಉಳಿದದ್ದು ಕಂಡಕ್ಟರಮ್ಮನ ರೂಮು. ಅವರು ಹುಡುಗಿಯನ್ನು ಮೇಲಿಂದ ಕೆಳಗಿನವರೆಗೆ, ಟಿಕೆಟ್ ಇಲ್ಲದ ಪ್ರಯಾಣಿಕಳನ್ನು ನೋಡುವ ಹಾಗೆ ನೋಡಿದರು. ಸ್ಲೇಟಿನಲ್ಲಿ 'ಎಷ್ಟು ದಿನ?' ಎಂದು ಬಂತು. "ಮೂರು ವಾರ," ಎಂದರು ಟೀಚರ್. ಅತ್ತೆ ಕಿಟಕಿ ಪಕ್ಕದ ಜಾಗ ತೋರಿಸಿ, ಎರಡು ಸಿಳ್ಳೆ ಊದಿದರು. ಹುಡುಗಿ ಬೆಚ್ಚಿಬಿದ್ದಳು.

"ಹೊರಡು ಅಂತ. ಅಂದ್ರೆ ಒಳಗೆ ನಡಿ ಅಂತ," ಎಂದು ಮಗಳು ಗೊಣಗುತ್ತಲೇ ಅನುವಾದಿಸಿದಳು.

ಮೊದಲ ವಾರ ಹುಡುಗಿ ಮನೆಯಲ್ಲಿದ್ದಾಳೋ ಇಲ್ಲವೋ ಎನ್ನುವ ಹಾಗಿದ್ದಳು. ಐದಕ್ಕೆ ಎದ್ದು, ಯಾರೂ ಏಳುವ ಮೊದಲೇ ಸ್ನಾನ ಮುಗಿಸಿ, ಬಚ್ಚಲು ಒರೆಸಿ ಬರುತ್ತಿದ್ದಳು. ಊಟಕ್ಕೆ ಕರೆದರೆ ನಿಂತುಕೊಂಡೇ ಉಣ್ಣುತ್ತಿದ್ದಳು.

"ಕೂತ್ಕೋ ಮಾರಾಯ್ತಿ, ಈ ಕುರ್ಚಿಗೆ ಬೋಲ್ಟ್ ಹಾಕಿಲ್ಲ," ಎಂದ ಮೆಕ್ಯಾನಿಕ್. ಅವಳು ಕೂತಳು, ಆದರೆ ಚೀಲ ಬೆನ್ನ ಮೇಲೇ ಇತ್ತು.

ಎಂಟನೆಯ ದಿನ ಅವಳ ದಿಂಬಿನ ಕೆಳಗೆ ಬೂಷ್ಟು ಹಿಡಿದ ಬ್ರೆಡ್ಡು ಸಿಕ್ಕಿತು. ಆರು ತುಂಡು ಬ್ರೆಡ್ಡು, ಎರಡು ಬೇಯಿಸಿದ ಆಲೂಗಡ್ಡೆ. ಮಗಳು ಮೂಗು ಹಿಡಿದುಕೊಂಡು ಇಡೀ ಮನೆ ಕೂಗಿ ಕರೆದಳು.

"ಇಲಿ ಬರುತ್ತೆ ಅಷ್ಟೇ! ಕೇಳಿದ್ರೆ ಕೊಡಲ್ಲ ಅಂದ್ವಾ ನಾವು?"

"ನಾನೇನು ಕದ್ದಿಲ್ಲ. ನನ್ನ ತಟ್ಟೇದೇ ಎತ್ತಿಟ್ಟಿದ್ದು," ಹುಡುಗಿಯ ಧ್ವನಿ ಚಾಕುವಿನ ಹಾಗಿತ್ತು.

"ಯಾಕೆ?"

"ನಾಳೆಗೆ."

ಕಂಡಕ್ಟರಮ್ಮ ಬೀರು ತೆರೆದು, ತಮ್ಮ ಹಳೆಯ ಟಿಕೆಟ್ ಪುಸ್ತಕಗಳಿದ್ದ ಬಿಸ್ಕತ್ ಡಬ್ಬಿಯನ್ನು ಬರಿದು ಮಾಡಿ, ಹುಡುಗಿಯ ಮುಂದೆ ಠಣ್ಣನೆ ಇಟ್ಟರು. ಸ್ಲೇಟಿನಲ್ಲಿ 'ಮುಚ್ಚಳ ಇದೆ' ಎಂದಿತ್ತು.

ಎರಡನೇ ವಾರದಿಂದ ಊಟದ ಮೇಜೇ ಪಾಠದ ಮೇಜಾಯಿತು. ಸಂಜೆ ಪಾತ್ರೆ ತೊಳೆದಾದ ಮೇಲೆ ಒಂದು ಕಡೆ ಮಗಳು, ಇನ್ನೊಂದು ಕಡೆ ಹುಡುಗಿ, ನಡುವೆ ಟೀಚರ್. ಗಣಿತದಲ್ಲಿ ಹುಡುಗಿ ಚುರುಕು. ಬಸ್ಸಿನ ವೇಳಾಪಟ್ಟಿಯನ್ನೆಲ್ಲ ಬಾಯಿಪಾಠ ಮಾಡಿದ ತಲೆ ಅದು. ಯಾವ ಬಸ್ಸು ಎಷ್ಟಕ್ಕೆ, ಯಾವ ಪ್ಲಾಟ್‌ಫಾರಂ, ಎಲ್ಲ ಗೊತ್ತು.

"ಏಳೂ ನಲವತ್ತರ ಬಸ್ಸು ಒಳ್ಳೇದು," ಎಂದಳು ಒಮ್ಮೆ. "ಕೊನೇ ಸ್ಟಾಪು ಸಮುದ್ರದ ಹತ್ರ. ಮೀನಿನ ಶೆಡ್ಡಲ್ಲಿ ಯಾರಿಗೆ ಬೇಕಾದ್ರೂ ಕೆಲ್ಸ ಕೊಡ್ತಾರಂತೆ. ಎಲ್ಲಾದ್ರೂ ಹೋಗೋದಾದ್ರೆ ನಾನು ಅದ್ರಲ್ಲೇ ಹೋಗೋದು."

"ಸದ್ಯಕ್ಕೆ ನಾನಾರ್ಥಕ್ಕೆ ಹೋಗು," ಎಂದರು ಟೀಚರ್. ಒಂದೇ ಪದ, ಎರಡು ಅರ್ಥ. ಕಾಡು ಎಂದರೆ ಅರಣ್ಯ, ಕಾಡು ಎಂದರೆ ಪೀಡಿಸು. ಅರಸು ಎಂದರೆ ರಾಜ, ಅರಸು ಎಂದರೆ ಹುಡುಕು. "ಹತ್ತು. ಎರಡೂ ಅರ್ಥ ಬರೋ ಹಾಗೆ ವಾಕ್ಯ ಮಾಡು ನೋಡೋಣ."

ಹುಡುಗಿ ಒಂದು ಕ್ಷಣ ಯೋಚಿಸಿ, "ಹತ್ತು ಹತ್ತು ಅಂತ ಕಂಡಕ್ಟರ್ ಹತ್ತು ಸಲ ಕೂಗಿದರು," ಎಂದಳು.

ಕುರ್ಚಿಯಲ್ಲಿ ತೂಕಡಿಸುತ್ತಿದ್ದ ಕಂಡಕ್ಟರಮ್ಮ ಕಣ್ಣು ಬಿಟ್ಟರು. ಅವರ ಹೊಟ್ಟೆ ಕುಲುಕತೊಡಗಿತು, ಭುಜ ಕುಲುಕತೊಡಗಿತು, ಕಣ್ಣಲ್ಲಿ ನೀರು ಬಂತು. ಸದ್ದಿಲ್ಲದಿದ್ದರೇನು, ಅವರು ನಗುವುದನ್ನು ಮನೆಯವರು ಕಂಡು ಎರಡು ವರ್ಷವಾಗಿತ್ತು. ಮೆಕ್ಯಾನಿಕ್ ಸ್ಕ್ರೂಡ್ರೈವರ್ ಕೆಳಗಿಟ್ಟು ಅಮ್ಮನನ್ನೇ ನೋಡುತ್ತ ಕೂತ.

ಆ ಶುಕ್ರವಾರ ಶಾಲೆಯಲ್ಲಿ ನಾನಾರ್ಥದ ಟೆಸ್ಟು. ಹುಡುಗಿಗೆ ಇಪ್ಪತ್ತಕ್ಕೆ ಹತ್ತೊಂಬತ್ತು. ಒಂದೇ ಒಂದು ಪದಕ್ಕೆ ಎರಡನೇ ಅರ್ಥ ಬರೆಯದೆ ಖಾಲಿ ಬಿಟ್ಟಿದ್ದಳು.

ಎಲ್ಲ ಸುಸೂತ್ರ ಎನ್ನುವಾಗಲೇ ಮೂರನೇ ವಾರ ಎಡವಟ್ಟಾಯಿತು. ಸೋಮವಾರ ಹುಡುಗಿ ಶಾಲೆಗೆ ಬರಲಿಲ್ಲ. ಸಂಜೆ ಮನೆಗೆ ಬಂದವಳು, "ಲೈಬ್ರರೀಲಿ ಓದ್ತಾ ಕೂತಿದ್ದೆ," ಎಂದಳು. ಕಂಡಕ್ಟರಮ್ಮ ಕೈ ಚಾಚಿ, ಅವಳ ಜೇಬಿನಿಂದ ಇಣುಕುತ್ತಿದ್ದ ಬಸ್ ಟಿಕೆಟ್ ಎಳೆದು, ಕಣ್ಣ ಹತ್ತಿರ ಹಿಡಿದರು. ಊರಾಚೆಯ ಬಡಾವಣೆಯ ರೂಟು. ಅಲ್ಲೆಲ್ಲಿಯ ಲೈಬ್ರರಿ? ಚಿಕ್ಕಪ್ಪನ ಹಳೆಯ ಮನೆ ಇದ್ದದ್ದು ಅಲ್ಲಿ.

ಸ್ಲೇಟು ಮೇಲೆದ್ದಿತು. 'ಸುಳ್ಳು.'

"ಹೌದು, ಸುಳ್ಳು!" ಹುಡುಗಿ ಕಿರುಚಿದಳು. "ವಾಪಸ್ ಬಂದಿದ್ದಾರಾ ಅಂತ ನೋಡೋಕೆ ಹೋಗಿದ್ದೆ. ಬೇರೆ ಯಾರೋ ಇದ್ದಾರೆ. ಬಾಗಿಲಿಗೆ ಬಣ್ಣ ಹೊಡ್ಸಿದ್ದಾರೆ. ನಿಮಗ್ಯಾಕೆ ಅದೆಲ್ಲ?" ಎಂದವಳೇ ಸ್ಲೇಟನ್ನು ಕಿತ್ತು ನೆಲಕ್ಕೆ ಅಪ್ಪಳಿಸಿದಳು. ಅದರ ಒಂದು ಮೂಲೆ ಚಟ್ಟನೆ ಮುರಿಯಿತು.

"ಅಜ್ಜಿಗೆ ಇರೋ ಬಾಯಿ ಅದೊಂದೇ ಕಣೇ!" ಮಗಳು ಅಳುತ್ತ ಕೂಗಿದಳು.

ಹುಡುಗಿಯ ಮುಖ ಬಿಳಿಚಿಕೊಂಡಿತು. ಅವಳು ಬಗ್ಗಿ, ಚೂರು ಎತ್ತಿ, ಮುರಿದ ಮೂಲೆಗೆ ಇಟ್ಟು ನೋಡಿದಳು. ಅದು ನಿಲ್ಲಲಿಲ್ಲ. ಕಂಡಕ್ಟರಮ್ಮ ಮುರಿದ ಸ್ಲೇಟನ್ನು ಎತ್ತಿಕೊಂಡು ರೂಮಿಗೆ ಹೋದರು. ಮೂರು ದಿನ ಒಂದಕ್ಷರ ಬರೆಯಲಿಲ್ಲ, ಸಿಳ್ಳೆಯನ್ನೂ ಊದಲಿಲ್ಲ. ಗಂಜಿ ಬಟ್ಟಲು ತುಂಬಿ ಹರಿದರೂ ಸುಮ್ಮನಿದ್ದರು. ಇಷ್ಟು ಮೌನವಾದ ಮನೆಯಲ್ಲಿ ಇರುವುದೇ ಕಷ್ಟವಾಯಿತು.

ಗುರುವಾರ ಸಂಜೆ ಮಾತಾಡಲೇಬೇಕಾಯಿತು. ಶನಿವಾರ ಅಧಿಕಾರಿ ಬರುವವರಿದ್ದರು. ಹುಡುಗಿಯನ್ನು ಟೀ ಮಾಡಲು ಒಳಗೆ ಕಳಿಸಿ ದೊಡ್ಡವರು ಮೂವರೂ ನಡುಮನೆಯಲ್ಲಿ ಕೂತರು, ಮಗಳು ತನ್ನ ರೂಮಿನಿಂದಲೇ ಕಿವಿಗೊಟ್ಟಿದ್ದಳು.

"ನಂಗೆ ಅವಳ ಮೇಲೆ ಸಿಟ್ಟಿಲ್ಲ," ಎಂದ ಮೆಕ್ಯಾನಿಕ್. "ಆದ್ರೆ ಅಮ್ಮನ ರೂಮು, ಅಮ್ಮನ ಮನೆ, ಅಮ್ಮನ ಸ್ಲೇಟು. ಅಮ್ಮ ಹೂಂ ಅಂದ್ರೆ ನಂದೂ ಹೂಂ."

ಟೀಚರ್ ಅತ್ತೆಯ ಕಡೆ ತಿರುಗಿದರು. ಹೇಳಬೇಕೆಂದಿದ್ದನ್ನೆಲ್ಲ ಒಂದೇ ಉಸಿರಿಗೆ ಸುರಿದುಬಿಟ್ಟರು. ಪರೀಕ್ಷೆಗೆ ಇನ್ನು ಎರಡೇ ವಾರ ಇರುವುದು, ಹುಡುಗಿಯ ಬುದ್ಧಿ, ಸುಳ್ಳು ತಪ್ಪೇ ಆದರೂ ಅದರ ಹಿಂದಿನ ನೋವು, ಹಾಸ್ಟೆಲ್ಲು, ಹೊಸ ಸ್ಲೇಟು ತಂದುಕೊಡುವ ಮಾತು. ಕಾಲು ಗಂಟೆ ಮಾತಾಡಿ, ಕೊನೆಗೆ, "ಈಗ ನೀವೇ ಹೇಳಿ ಅತ್ತೆ, ನಾನೇನು ಮಾಡ್ಲಿ?" ಎಂದರು.

ಕಂಡಕ್ಟರಮ್ಮ ಮೂಲೆ ಮುರಿದ ಸ್ಲೇಟು ಎತ್ತಿಕೊಂಡು, ಒತ್ತಿ ಒತ್ತಿ ಎರಡೇ ಅಕ್ಷರ ಬರೆದು, ಸೊಸೆಯ ಮುಖಕ್ಕೆ ಹಿಡಿದರು.

'ಸಾಕು.'

ಮೆಕ್ಯಾನಿಕ್ ಉಸಿರು ಬಿಟ್ಟು ತಲೆ ತಗ್ಗಿಸಿದ. ಟೀ ಲೋಟಗಳ ಟ್ರೇ ಹಿಡಿದು ಅದೇ ಹೊತ್ತಿಗೆ ಬಂದ ಹುಡುಗಿಯೂ ಅದನ್ನು ಓದಿದಳು. ಒಂದು ತೊಟ್ಟೂ ಚೆಲ್ಲದೆ ಟ್ರೇ ಮೇಜಿನ ಮೇಲಿಟ್ಟು ಒಳಗೆ ಹೋದಳು. ಕಂಡಕ್ಟರಮ್ಮ ಮಾತ್ರ ದೊಡ್ಡ ಕೆಲಸ ಮುಗಿಸಿದವರ ಹಾಗೆ ಆರಾಮವಾಗಿ ಟೀ ಕುಡಿದು, ಲೋಟ ಇಟ್ಟು, ಮಲಗಲು ಹೋದರು.

ಟೀಚರ್ ಹುಡುಗಿಗೆ ಏನೂ ಹೇಳಲಿಲ್ಲ. ಏನು ಹೇಳುವುದು? ನಾಳೆ ಬೆಳಿಗ್ಗೆ ಅತ್ತೆಯನ್ನು ಇನ್ನೊಮ್ಮೆ ಕೇಳೋಣ, ಕಾಲಾದರೂ ಹಿಡಿಯೋಣ ಎಂದುಕೊಂಡರು.

ಬೆಳಿಗ್ಗೆ ಏಳಕ್ಕೆ ನೋಡಿದರೆ ಕಿಟಕಿ ಪಕ್ಕದ ಹಾಸಿಗೆ ಅಂಚು ಜೋಡಿಸಿ ಮಡಚಿತ್ತು. ಬಿಸ್ಕತ್ ಡಬ್ಬಿ ತೊಳೆದು ಬೋರಲು ಹಾಕಿತ್ತು. ಚೀಲ ಇರಲಿಲ್ಲ. ಸ್ಲೇಟಿನಲ್ಲಿ ಅತ್ತೆಯ 'ಸಾಕು' ಹಾಗೇ ಇತ್ತು, ಅದರ ಕೆಳಗೆ ದುಂಡಗಿನ ಅಕ್ಷರದಲ್ಲಿ 'ಸರಿ ಅಜ್ಜಿ. ಸ್ಲೇಟಿಗೆ ಕ್ಷಮಿಸಿ' ಎಂದಿತ್ತು.

ಟೀಚರ್ ತಮ್ಮ ಹದಿನೆಂಟು ವರ್ಷದ ಸೊಸೆತನದಲ್ಲಿ ಅತ್ತೆಗೆ ಸಿಟ್ಟಿನಿಂದ ಎದುರಾಡಿದವರಲ್ಲ. ಅವತ್ತು ಆಡಿದರು.

"ತೃಪ್ತಿ ಆಯ್ತಾ? ಹೋದ್ಲು! ಒಂದು ಸ್ಲೇಟಿಗೋಸ್ಕರ ಒಂದು ಮಗೂನ ಬೀದಿಗೆ ಹಾಕಿದ್ರಲ್ಲ!"

ಆಗತಾನೇ ಎದ್ದ ಕಂಡಕ್ಟರಮ್ಮ ಕಣ್ಣು ಕಣ್ಣು ಬಿಟ್ಟರು. ಮಡಚಿದ ಹಾಸಿಗೆ ನೋಡಿದರು, ಸ್ಲೇಟು ನೋಡಿದರು. ಕೈ ಆಡಿಸಿದರು, ತಲೆ ಆಡಿಸಿದರು, ಗಂಟಲಿನಿಂದ ಗಾಳಿ ಮಾತ್ರ ಬಂತು. ಬಳಪ ಕಿತ್ತುಕೊಂಡು ಸ್ಲೇಟು ತಿರುಗಿಸಿ ಹಿಂದೆ ಬರೆದರು. 'ಸಾಕು ಅಂದೆ!'

"ಗೊತ್ತು ನೀವಂದಿದ್ದು! ಮತ್ತೆ ಬೇರೆ ಬರೀಬೇಕಾ?"

ಅತ್ತೆ ಅದನ್ನು ಅಳಿಸಿ, ಇಡೀ ಸ್ಲೇಟು ತುಂಬುವಷ್ಟು ದೊಡ್ಡದಾಗಿ ಅದೇ ಪದ ಬರೆದರು. 'ಸಾಕು!!' ಬಳಪ ಪಟ್ಟೆಂದು ಮುರಿಯಿತು. ಸೊಸೆ ಅತ್ತಳು, ಅತ್ತೆ ನೆಲಕ್ಕೆ ಕಾಲು ಅಪ್ಪಳಿಸಿದರು. ಮೆಕ್ಯಾನಿಕ್ ಹಲ್ಲುಜ್ಜುವ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಇಬ್ಬರ ನಡುವೆ ನಿಂತ.

"ಸ್ವಲ್ಪ ಇರಿ ಎಲ್ರೂ," ಎಂದಳು ಬಾಗಿಲಲ್ಲಿ ನಿಂತಿದ್ದ ಮಗಳು. "ಅಮ್ಮಾ, ಅಜ್ಜಿಗೆ ಏನಾದ್ರೂ ಸಾಕು ಅನ್ಸಿದ್ರೆ ಏನ್ ಮಾಡ್ತಾರೆ?"

"ಏನ್ ಮಾಡ್ತಾರೆ?"

"ಸಿಳ್ಳೆ ಹೊಡೀತಾರೆ! ಒಂದು ಸಿಳ್ಳೆ. ಎರಡು ವರ್ಷದಲ್ಲಿ ಒಂದು ಸಲಾನಾದ್ರೂ ಸ್ಲೇಟಲ್ಲಿ ಸಾಕು ಅಂತ ಬರ್ದಿದ್ದು ನೋಡಿದ್ಯಾ? ಅವ್ರು ಬರೀ ಕ್ರಿಯಾಪದ ಬರೀತಾರೆ ಅಂತ ನೀನೇ ಬೈಯೋದು. ಏನ್ ಮಾಡ್ಲಿ ಅಂತ ಕೇಳ್ದೆ. ಸಾಕು ಅಂದ್ರು. ಬೇಡ ಅಂತ ಅಲ್ಲಮ್ಮ. ಸಾಕು ಅಂದ್ರೆ ಸಾಕೋದು! ಬೆಳ್ಸೋದು! ನಾನಾರ್ಥ!"

ಕಂಡಕ್ಟರಮ್ಮ ಮೊಮ್ಮಗಳ ಕಡೆ ಕೈ ಚಾಚಿ, ಅವಳ ತಲೆ ಹಿಡಿದು, ಹೌದು ಹೌದು ಎಂದು ತಮ್ಮ ತಲೆಯ ಜೊತೆ ಅವಳ ತಲೆಯನ್ನೂ ಆಡಿಸಿದರು.

ಟೀಚರ್ ಸ್ಲೇಟು ನೋಡಿದರು. ಇಪ್ಪತ್ತೆರಡು ವರ್ಷ ಇದೇ ಪಾಠ. ಮೊನ್ನೆ ಇದೇ ಪದ ಟೆಸ್ಟಿಗೆ ಕೊಟ್ಟವರು ತಾವೇ. ಹುಡುಗಿ ಎರಡನೇ ಅರ್ಥ ಖಾಲಿ ಬಿಟ್ಟದ್ದೂ ಇದಕ್ಕೇ, ಒಂದು ಮಾರ್ಕು ಕಳೆದವರೂ ತಾವೇ. "ಅಯ್ಯೋ ನನ್ನ ಬುದ್ಧಿಗಿಷ್ಟು!" ಎಂದು ಹಣೆ ಬಡಿದುಕೊಂಡರು. "ಕ್ಷಮಿಸಿ ಅತ್ತೆ. ತಪ್ಪು ನಂದು."

ಅತ್ತೆ ಕ್ಷಮಿಸುವಷ್ಟು ಪುರಸೊತ್ತಿನಲ್ಲಿ ಇರಲಿಲ್ಲ. ಗೋಡೆ ಗಡಿಯಾರ ತೋರಿಸುತ್ತಿದ್ದರು. ಏಳೂ ಇಪ್ಪತ್ತೆರಡು.

"ಏಳೂ ನಲವತ್ತರ ಬಸ್ಸು!" ಎಂದರು ಟೀಚರ್.

ಎರಡು ಸಿಳ್ಳೆ. ಹೊರಡು.

ಲಿಫ್ಟ್ ಕಂಪನಿಯ ವ್ಯಾನಿನಲ್ಲಿ ಏಣಿ, ಗ್ರೀಸು ಡಬ್ಬಿ, ಕಬ್ಬಿಣದ ಹಗ್ಗದ ಸುರುಳಿಗಳ ನಡುವೆ ನಾಲ್ವರೂ ತುರುಕಿಕೊಂಡರು. ಮೆಕ್ಯಾನಿಕ್‌ನ ಗಲ್ಲದ ಮೇಲೆ ಪೇಸ್ಟು ಒಣಗುತ್ತಿತ್ತು. ದಾರಿಯುದ್ದಕ್ಕೂ ಸಿಗ್ನಲ್ಲುಗಳೆಲ್ಲ ಕೆಂಪು. ಬಸ್ ನಿಲ್ದಾಣದ ಗೇಟು ತಲುಪುವ ಹೊತ್ತಿಗೆ ಒಂಬತ್ತನೇ ಪ್ಲಾಟ್‌ಫಾರಂನಿಂದ ಬಸ್ಸು ಹಿಂದಕ್ಕೆ ಸರಿದು, ತಿರುಗಿ, ಹೊರಬಾಗಿಲಿನ ಕಡೆ ಮುಖ ಮಾಡಿ ಹೊರಟೇಬಿಟ್ಟಿತ್ತು. ಕೊನೆಯ ಕಿಟಕಿಯಲ್ಲಿ ಒಂದು ತಲೆ, ತಲೆಯ ಹಿಂದೆ ಒಂದು ಚೀಲ.

"ಏ! ನಿಲ್ಸಿ! ನಿಲ್ಸೀ!" ಟೀಚರ್ ಓಡಿದರು. ಇಂಜಿನ್ನಿನ ಸದ್ದಿನಲ್ಲಿ ಟೀಚರ್ ಗಂಟಲು ಯಾವ ಲೆಕ್ಕ?

ಕಂಡಕ್ಟರಮ್ಮ ವ್ಯಾನಿನಿಂದ ಇಳಿದರು. ನಿಲ್ದಾಣದ ನಡುವೆ ಕಾಲೂರಿ ನಿಂತು, ಎದೆ ತುಂಬ ಉಸಿರೆಳೆದು, ಸಿಳ್ಳೆಯನ್ನು ಬಾಯಿಗಿಟ್ಟು ಒಂದೇ ಒಂದು ಸಲ ಊದಿದರು. ಉದ್ದಕ್ಕೆ, ಮೂವತ್ತೊಂದು ವರ್ಷದ ಡ್ಯೂಟಿಯೆಲ್ಲ ಅದರೊಳಗೆ ಇಳಿಯುವ ಹಾಗೆ.

ಏಳೂ ನಲವತ್ತರ ಬಸ್ಸು ಗಕ್ಕನೆ ನಿಂತಿತು. ಅದೊಂದೇ ಅಲ್ಲ, ನಿಲ್ದಾಣದಲ್ಲಿ ಚಲಿಸುತ್ತಿದ್ದ ಐದೂ ಬಸ್ಸುಗಳು ನಿಂತವು. ಡ್ರೈವರುಗಳ ಕಾಲು ಯಾರ ಅಪ್ಪಣೆಯನ್ನೂ ಕೇ‍ಳದೆ ಬ್ರೇಕಿನ ಮೇಲೆ ಹೋಗಿತ್ತು.

"ಯಾರ್ರೀ ಅದು ಸಿಳ್ಳೆ ಹೊಡ್ದಿದ್ದು?" ಎಂದು ಹೊರಗೆ ತಲೆ ಹಾಕಿದ ನರೆತ ಮೀಸೆಯ ಡ್ರೈವರ್ ಬಾಯಿ ತೆರೆದ. "ಅಯ್ಯೋ, ಕಂಡಕ್ಟರಮ್ಮಾ! ರಿಟೈರ್ ಆಗ್ಲಿಲ್ವಾ ನೀವು?"

ಕಂಡಕ್ಟರಮ್ಮ ಮೆಟ್ಟಿಲು ಹತ್ತಿ, ಅಭ್ಯಾಸದ ಕಾಲಿನಲ್ಲಿ ಸೀಟುಗಳ ನಡುವೆ ನಡೆದು, ಕೊನೆಯ ಸೀಟಿನ ಮುಂದೆ ನಿಂತು ಮೂಲೆ ಮುರಿದ ಸ್ಲೇಟನ್ನು ಹಿಡಿದರು. ಅದೇ ಪದ. ಹುಡುಗಿ ಅದನ್ನು ನೋಡಿ ಮುಖ ತಿರುಗಿಸಿಕೊಂಡಳು.

"ಅದಕ್ಕೇ ಹೋಗ್ತಿದ್ದೀನಲ್ಲ ಅಜ್ಜಿ. ಮತ್ತೆ ಇಲ್ಲೀವರ್ಗೂ ಬಂದು ತೋರಿಸ್ಬೇಕಾ?"

"ಅಲ್ಲ ಕಣೇ," ಹಿಂದೆಯೇ ಏದುಸಿರು ಬಿಡುತ್ತ ಬಂದ ಟೀಚರ್ ಸೀಟಿನ ಕಂಬಿ ಹಿಡಿದುಕೊಂಡರು. "ಟೆಸ್ಟಲ್ಲಿ ನೀನು ಖಾಲಿ ಬಿಟ್ಟಿದ್ದು ಯಾವ ಪದ? ಹೇಳು."

"ಸಾಕು."

"ಮೊದಲನೇ ಅರ್ಥ ಏನಂತ ಬರ್ದಿದ್ದೆ?"

"ಇನ್ನು ಬೇಡ ಅಂತ."

"ಎರಡನೇದು?"

ಹುಡುಗಿ ಸ್ಲೇಟು ನೋಡಿದಳು. ಅಜ್ಜಿಯ ಮುಖ ನೋಡಿದಳು. ಮತ್ತೆ ಸ್ಲೇಟು ನೋಡಿದಳು. ಬಸ್ಸಿನವರೆಲ್ಲ ಕತ್ತು ತಿರುಗಿಸಿ ಕಾಯುತ್ತಿದ್ದರು.

"ಆ ಅರ್ಥ ನಂಗೆ ಹೊಳೀಲೇ ಇಲ್ಲ, ಟೀಚರ್."

"ನಂಗೂ ಹೊಳೀಲಿಲ್ಲ ಕಂದಾ. ನಂಗೂ ಒಂದು ಮಾರ್ಕು ಕಟ್ಟು."

ಹುಡುಗಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಲಾರಿ ಹೋದ ದಿನ ಅಳದವಳು ಅವತ್ತು ಅತ್ತಳು. ಕಂಡಕ್ಟರಮ್ಮ ಅವಳ ಬೆನ್ನಿನಿಂದ ಚೀಲ ಕಳಚಿ ತಮ್ಮ ಹೆಗಲಿಗೆ ಹಾಕಿಕೊಂಡರು. ಅವಳು ತಡೆಯಲಿಲ್ಲ.

"ಮನೆಗೆ ನಡಿ," ಎಂದಳು ಮಗಳು ಮೆಟ್ಟಿಲ ಮೇಲಿನಿಂದ. "ಗಣಿತ ಹೇಳ್ಕೊಡೋಕೆ ನಂಗೆ ಬೇರೆ ಯಾರಿದ್ದಾರೆ?"

ಎಲ್ಲರೂ ಇಳಿದ ಮೇಲೆ ಕಂಡಕ್ಟರಮ್ಮ ಡ್ರೈವರ್‌ಗೆ ಎರಡು ಸಿಳ್ಳೆ ಊದಿದರು. ಮೊದಲನೆಯದು ಸರಿಯಾಗಿ ಬಂತು. ಎರಡನೆಯದು ಪುಸ್ಸೆಂದಿತು. ಹಳೆಯ ಸಿಳ್ಳೆ ಬಿರುಕು ಬಿಟ್ಟಿತ್ತು. ಡ್ರೈವರ್‌ಗೆ ಅಷ್ಟೇ ಸಾಲದೇ? ನಗುತ್ತ ಬಸ್ಸು ಬಿಟ್ಟ.

ಶನಿವಾರ ಅಧಿಕಾರಿ ಫಾರಂ ತಂದರು. ಮೆಕ್ಯಾನಿಕ್ ಸಹಿ ಹಾಕಿದ, ಟೀಚರ್ ಹಾಕಿದರು. 'ಮನೆಯ ಹಿರಿಯರ ಒಪ್ಪಿಗೆ' ಎಂಬ ಜಾಗ ಬಂದಾಗ ಟೀಚರ್ ಅತ್ತೆಗೆ ಕೈ ಮುಗಿದರು.

"ನಿಮ್ಮ ದಮ್ಮಯ್ಯ ಅತ್ತೆ, ಇಲ್ಲಿ ಮಾತ್ರ ಪೂರ್ತಿ ವಾಕ್ಯ ಬರೀರಿ. ಕರ್ತೃ, ಕರ್ಮ ಎಲ್ಲ ಇರ್ಲಿ."

ಕಂಡಕ್ಟರಮ್ಮ ಕನ್ನಡಕ ಏರಿಸಿ ನಿಧಾನವಾಗಿ ಬರೆದರು. 'ನಾನು ಈ ಹುಡುಗಿಯನ್ನು ನನ್ನ ಮನೆಯಲ್ಲಿ ಸಾಕುತ್ತೇನೆ.' ಎರಡು ವರ್ಷದಲ್ಲಿ ಅವರು ಬರೆದ ಅತಿ ಉದ್ದದ ಮಾತು ಅದು. ಅಧಿಕಾರಿ ಓದಿ, ಮುದ್ರೆ ಒತ್ತಿ, "ಪರೀಕ್ಷೆ ಚೆನ್ನಾಗಿ ಬರಿ," ಎಂದು ಹುಡುಗಿಯ ಬೆನ್ನು ತಟ್ಟಿ ಹೊರಟರು. ಬೆನ್ನ ಮೇಲೆ ಚೀಲ ಇರಲಿಲ್ಲ. ಅದು ಬಚ್ಚಲಿನಲ್ಲಿ ಸೋಪಿನ ನೀರಲ್ಲಿ ನೆನೆಯುತ್ತಿತ್ತು.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತರು. ಬಡಿಸುವ ಸರದಿ ಹುಡುಗಿಯದು. ಅವಳು ಅಜ್ಜಿಯ ಬಟ್ಟಲಿಗೆ ಒಂದು ಸೌಟು ಗಂಜಿ ಹಾಕಿದಳು, ಇನ್ನೊಂದು ಹಾಕಿದಳು, ಮೂರನೆಯದಕ್ಕೆ ಕೈ ಎತ್ತಿದಳು. ಕಂಡಕ್ಟರಮ್ಮ ಕೊರಳಿಗೆ ಕೈ ಹಾಕಿದರು. ಸಿಳ್ಳೆ ಇರಲಿಲ್ಲ, ರಿಪೇರಿಗೆಂದು ಮಗ ಬಿಚ್ಚಿ ಹರವಿದ್ದ. ಅವರು ಅವಸರದಲ್ಲಿ ಸ್ಲೇಟು ಎಳೆದುಕೊಂಡು ಬರೆದು ಹಿಡಿದರು.

'ಸಾಕು.'

ಹುಡುಗಿ ಸೌಟನ್ನು ಗಾಳಿಯಲ್ಲೇ ನಿಲ್ಲಿಸಿ, ಒಂದಿಷ್ಟೂ ನಗದೆ ಕೇಳಿದಳು.

"ಯಾವ ಸಾಕು ಅಜ್ಜಿ? ಮೊದಲನೇ ಅರ್ಥವೋ, ಎರಡನೇದೋ?"

ಮಗಳು ಬಾಯಲ್ಲಿದ್ದ ನೀರು ಉಗುಳಿಬಿಟ್ಟಳು. ಮೆಕ್ಯಾನಿಕ್ ಮೇಜು ಕುಟ್ಟಿ ಕುಟ್ಟಿ ನಕ್ಕ. ಕಂಡಕ್ಟರಮ್ಮ ಹೊಟ್ಟೆ ಕುಲುಕಿಸುತ್ತಲೇ ಬಳಪ ಹಿಡಿದು, ಅದರ ಪಕ್ಕದಲ್ಲಿ ಇನ್ನೊಂದು ಪದ ಸೇರಿಸಿದರು.

'ಎರಡೂ.'